ಯಾವ ನಂಬರು

ಕೆರಿಯಪ್ಪನ ಮಗಳು ನೇತ್ರಾವತಿ, ಎಂಟನೇ ಕ್ಲಾಸು,
ಆನಂದಪುರದ ಸಬ್‌ಸ್ಟೇಷನ್ ಗೇಟಿಗೆ ಸೈಕಲ್ ಒರಗಿಸಿ
ನಿಘಂಟು ಹಿಡಿದು ಬಂದಿದ್ದಾಳೆ.
ಇಂಗ್ಲಿಷ್ ಮೇಷ್ಟ್ರು ಒಂದು ಪದ ಕೊಟ್ಟಿದ್ದಾರಂತೆ, ಲೈನ್.
ಐದು ಅರ್ಥಕ್ಕೆ ಐದು ವಾಕ್ಯ.
ಪುಟ ತೆರೆದರೆ ಅರ್ಥ ಇಪ್ಪತ್ತೊಂಬತ್ತು.
"ಯಾವ್ದು ಬರೀಲಿ ಮಾಮ?"

ನನಗೆ ಇಂಗ್ಲಿಷ್ ಬರುವುದು ಮೀಟರು ಓದುವಷ್ಟು.
ಆದರೆ ಈ ಒಂದು ಪದದ ಅನ್ನ ತಿಂದವನು,
ಇಪ್ಪತ್ತಾರು ವರ್ಷ. ಬರ್ಕೋ ಮಗಾ.

ಸೊಸೈಟಿ ಮುಂದೆ ಸೀಮೆಎಣ್ಣೆಗೆ ನಿಲ್ಲುತ್ತಿದ್ದೆವಲ್ಲ, ಅದು ಲೈನು.
ನಾವು ಹೋಟೆಲಿಗೆ ಹೋದರೂ ನಮ್ಮ ಡಬ್ಬ ನಿಂತಿರುತ್ತಿತ್ತು,
ಅದೂ ಲೈನೇ.
ತಾಳಗುಪ್ಪದ ರೈಲು ಹೋಗುವುದು ಲೈನಿನ ಮೇಲೆ,
ದನ ಸಾಯುವುದೂ.
ಸಾಗರದ ಪೊಲೀಸರ ಹೆಂಡಿರು ಸಂಡಿಗೆ ಒಣಗಿಸುವುದು ಲೈನಿನಲ್ಲಿ.
ನಿನ್ನ ಅಮ್ಮಮ್ಮ ಹುಟ್ಟಿದ್ದು ಕೊಪ್ಪದ ಕಡೆ, ಕಾಫಿ ತೋಟದ ಲೈನಿನಲ್ಲಿ:
ಒಂದೇ ಗೋಡೆ, ಹನ್ನೊಂದು ಬಾಗಿಲು,
ಮೂರನೇ ಮನೆಯಲ್ಲಿ ಒಗ್ಗರಣೆ ಹಾಕಿದರೆ
ಒಂಬತ್ತನೆಯದರಲ್ಲಿ ಸೀನು.

ಮತ್ತೆ ಬಸ್‌ಸ್ಟ್ಯಾಂಡಿನ ಹುಡುಗರು ಹೊಡೆಯುವ ಲೈನು.
ಅವಳು ತುಟಿ ಕಚ್ಚಿ ನಕ್ಕಳು.
ಅದು ಮೇಷ್ಟ್ರ ಪುಸ್ತಕದಲ್ಲಿಲ್ಲ, ನಮ್ಮದೇ ತಯಾರಿ,
ಬರೀಬೇಡ ಅಂದೆ.
ಬರೆದಳು ಅನಿಸುತ್ತದೆ; ಕೈ ಅಡ್ಡ ಇಟ್ಟುಕೊಂಡಿದ್ದಳು.

ಅಲ್ಲಿಗೆ ಐದಾಯಿತು. ಹೊರಡಬಹುದಿತ್ತು.
ಪೆನ್ನಿಗೆ ಮುಚ್ಚಳ ಹಾಕಲಿಲ್ಲ.
"ಅಪ್ಪಂದು ಯಾವ ನಂಬರು?"

ಬೆರಳಿಟ್ಟು ಹುಡುಕಿದೆ.
ಹನ್ನೆರಡು: ವಿದ್ಯುತ್ ತಂತಿ.
ಹದಿಮೂರು: ಫೋನಿನ ಸಂಪರ್ಕ.
ಒಂದರ ಕೆಳಗೊಂದು, ನಡುವೆ
ಕೂದಲು ಹಿಡಿಯುವಷ್ಟು ಜಾಗ.

ಆವತ್ತು ಆಷಾಢದ ಗಾಳಿ. ಗೌತಮಪುರದ ಫೀಡರು,
ತಂತಿಯ ಮೇಲೆ ಹೊನ್ನೆಯ ಕೊಂಬೆ.
ಕೆರಿಯಪ್ಪ ಕಂಬದ ಬುಡದಿಂದ ಫೋನು ಮಾಡಿದ್ದ.
ಮಾತು ಅರ್ಧಕ್ಕೇ ನಿಂತಿತು, ತಿರುಗಿ ನಾನೇ ಮಾಡಿದೆ.
"ಲೈನ್ ಕಟ್ಟಾಯ್ತು ಮಾರಾಯ" ಅಂದೆ.
ನಾನು ಹೇಳಿದ್ದು ಫೋನಿನ ಮಾತು.
ಅವನು ಕೇಳಿಸಿಕೊಂಡದ್ದು ಕಂಬದ ಮಾತು.
"ಆಯ್ತು" ಅಂದ.
ಮತ್ತೆ ಕಟ್ಟಾಯಿತು.

ಬದುಕಿದ. ಟೀ ಲೋಟ ಎಡಗೈಯಲ್ಲಿ ಹಿಡಿಯುವುದು ಕಲಿತ.
ಎನ್‌ಕ್ವೈರಿಯಲ್ಲಿ ಸಾಹೇಬರು ಕೇಳಿದ್ದು ಒಂದೇ,
ಎಲ್‌ಸಿ ಪುಸ್ತಕದಲ್ಲಿ ಸಹಿ ಇದೆಯೋ?
ಇರಲಿಲ್ಲ. ಹೇಳದೆ ಹತ್ತಿದ್ದು ಕೆರಿಯಪ್ಪನ ತಪ್ಪು,
ಹಾಗಂತ ಷರಾ ಬರೆದರು.
ಫೋನಿನಲ್ಲಿ ಏನಂದೆ ಅಂತ ಯಾರೂ ಕೇಳಲಿಲ್ಲ.
ಷರಾದ ಕೆಳಗೆ ನಾನೂ ಸಹಿ ಮಾಡಿದೆ,
ದುಂಡಗೆ, ಗೆರೆ ದಾಟದ ಹಾಗೆ.

ಅಂದಿನಿಂದ ಫೋನಿನಲ್ಲಿ ಆ ಪದ ಎತ್ತುವುದಿಲ್ಲ.
"ತಂತಿಯಲ್ಲಿ ಕರೆಂಟಿಲ್ಲ" ಅನ್ನುತ್ತೇನೆ,
ಕಂಬದ ನಂಬರು ಹೇಳಿಸುತ್ತೇನೆ, ತಿರುಗಿ ಹೇಳಿಸುತ್ತೇನೆ.
ಹೊಸ ಹುಡುಗರಿಗೆ ನಗು:
"ಮಾಮಂಗೆ ವರ್ಷಪೂರ್ತಿ ರಾಜ್ಯೋತ್ಸವ."

ನೇತ್ರಾವತಿಗೆ ಇದೆಲ್ಲ ಹೇಳಿದೆನೆ?
"ಹನ್ನೆರಡು" ಅಂದೆ, ಅಷ್ಟೆ.
ಅವಳು ಬರೆದು, ಕನ್ನಡದಲ್ಲಿ ಓದಿ ತೋರಿಸಿದಳು:
ನನ್ನ ತಂದೆ ಲೈನಿನ ಮೇಲೆ ಕೆಲಸ ಮಾಡುತ್ತಿದ್ದರು.
"ಸರಿ ಇದೆಯಾ ಮಾಮ?"
ವ್ಯಾಕರಣ ಸರಿ ಇದೆ, ಅಂದೆ.

ಸೈಕಲ್ ಚೈನು ಕಳಚಿತ್ತು, ಹಾಕಿಕೊಟ್ಟೆ.
ಗ್ರೀಸಿನ ಮಸಿ ಅಂಗೈ ಗೆರೆಗಳಿಗೆ ಇಳಿದು
ಒಂದೊಂದೂ ಎದ್ದು ಕಾಣುತ್ತಿತ್ತು.
"ಇದಕ್ಕೂ ಅದೇ ಪದ ಮಾಮ, ಇಪ್ಪತ್ತನಾಲ್ಕು,"
ಅಂದಳು, ನಿಘಂಟನ್ನು ಕ್ಯಾರಿಯರಿಗೆ ಸಿಕ್ಕಿಸುತ್ತ.
ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು.