ಅಂತೆ

ಕಾಸರಗೋಡು, ಮಾರ್ಚ್ ತಿಂಗಳು. ಫ್ಯಾನು ತಿರುಗಿದಷ್ಟೂ ಸೆಕೆ.
ಮೇಜಿನ ಮೇಲೆ ಮಿಸ್ರಿಯಾಳ ಪ್ರಬಂಧ:
ಮೊಗ್ರಾಲು ಹೊಳೆಯ ಕಡವುಗಳು. ಅರವತ್ತೆರಡು ಪುಟ.
ಹನ್ನೊಂದನೆಯ ಪುಟದ ಅಡಿಗೆ, ಇರುವೆ ಸಾಲಿನಷ್ಟು ಸಣ್ಣಕ್ಕೆ,
‘ಕಂದಾಯ ವರದಿ, ೧೮೯೪, ಪುಟ ೪೭.’

ಕೆಂಪು ಶಾಯಿಯಲ್ಲಿ ಕೇಳಿದೆ:
ಇದನ್ನು ನೀನು ನೋಡಿದ್ದೀಯಾ?

ಕರೆದು ಹೇಳಿದೆ ಕೂಡ.
ಕಂಡದ್ದಾದರೆ ಕಂಡೆ ಅನ್ನು.
ಕಂಡವರು ಹೇಳಿದ್ದಾದರೆ ಮೊದಲು ಅವರ ಹೆಸರು,
ಆಮೇಲೆ ಅವರು ಕಂಡದ್ದು.
ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಓದಿ
ನನ್ನದೇ ಕಣ್ಣು ಅನ್ನಬಾರದು.

ಬಸ್ಸಿನ ಚೀಟಿ ಮಡಚುತ್ತ ಅಂದಳು,
‘ನನ್ನ ಉಮ್ಮಾಮ ಮಾತಾಡುವುದೇ ಹಾಗೆ ಸಾರ್.
ದೋಣಿ ಮಗುಚಿತ್ತಂತೆ, ಅವಳ ಉಮ್ಮ ದಡದಲ್ಲೇ ಇದ್ದಳಂತೆ,
ಅಕ್ಕಿಮುಡಿ ತೇಲಿತು ಅಂತ ಕಡವಿನ ಐತಪ್ಪ ಹೇಳಿದ್ದನಂತೆ,
ಅವನು ಸ್ವಲ್ಪ ಸುಳ್ಳು ಸೇರಿಸುವವನಂತೆ.’

ಒಂದೇ ಉಸಿರಿಗೆ ಎರಡು ಸಾಕ್ಷಿ,
ಒಬ್ಬನ ಮೇಲೆ ಗುಮಾನಿ ಬೇರೆ.
ಅಕ್ಷರ ತಿಳಿಯದ ಮುದುಕಿ ಎಲ್ಲೂ ಎಡವಲಿಲ್ಲ.

ಈ ಊರಲ್ಲಿ ಕನ್ನಡಕ್ಕೆ ಅಂತೆ, ತುಳುವಿಗೆ ಗೆ,
ಮಲಯಾಳಕ್ಕೆ ಅತ್ರೆ.
ಒಂದು ಬಾಯಿಂದ ಇನ್ನೊಂದಕ್ಕೆ ದಾಟುವ ಮಾತು
ಈ ಸಣ್ಣ ಸುಂಕ ಕಟ್ಟಿಯೇ ದಾಟುತ್ತದೆ.
ಪ್ರಬಂಧಗಳಲ್ಲಿ ಮಾತ್ರ ಕಳ್ಳಸಾಗಣೆ.

‘ಹಾಗಾದರೆ ಆ ವರದಿ ನಿನಗೆಲ್ಲಿ ಸಿಕ್ಕಿತು?’

ಸುಮ್ಮನಿದ್ದಳು. ಮೆಲ್ಲಗೆ,
‘ನಿಮ್ಮ ಥೀಸಿಸ್ಸಲ್ಲಿ ಸಾರ್. ಲೈಬ್ರರಿಯ ಕೊನೇ ಕಪಾಟು, ಕೆಳಗಿನ ಸಾಲು.’

ಆ ಪುಟ ನನಗೆ ಗೊತ್ತು.
ಕುಂಬಳೆಯ ಯಾವುದೋ ಶಾಲೆಯ ಸ್ಮರಣ ಸಂಚಿಕೆ, ಗೆದ್ದಲು ತಿಂದ ಬೆನ್ನು,
ಅದರಲ್ಲಿ ಚನಿಯ ಬೆಳ್ಚಪ್ಪಾಡ ಮೇಷ್ಟ್ರು ಬರೆದಿದ್ದರು, ಹದಿನೇಳು ದೋಣಿ.
ಇಳಿಸಿಕೊಂಡೆ.
ನಿವೃತ್ತ ಪ್ರೈಮರಿ ಮೇಷ್ಟ್ರ ಹೆಸರು
ಪರೀಕ್ಷಕರ ತಕ್ಕಡಿಯಲ್ಲಿ ಎಷ್ಟು ತೂಗೀತು ಎಂದು
ಅವರ ತಲೆಯ ಮೇಲಿಂದ ಹಾರಿ
ನೇರ ವರದಿಯ ಮೇಲೇ ಇಳಿದೆ.
ಮೇಷ್ಟ್ರು ಅಡಿಯಲ್ಲಿ ಬರೆದಿದ್ದರು:
‘ಮೂಲ ನೋಡಿಲ್ಲ. ಹೇಳಿ ಕೇಳಿದ್ದು.’
ಅದನ್ನೂ ಓದಿದ್ದೆ.

ಕೆಂಪು ಪೆನ್ನಿನ ಮುಚ್ಚಳ ಸಿಗಲಿಲ್ಲ.
ಅವಳ ಹಾಳೆ ಎಳೆದುಕೊಂಡು
ವರದಿಯ ಹೆಸರಿಗಿಂತ ಮುಂಚೆ, ಇಪ್ಪತ್ತೇಳು ವರ್ಷ ತಡವಾಗಿ,
ಬೆಳ್ಚಪ್ಪಾಡ ಎಂದು ಬರೆದೆ. ಚ-ಕ್ಕೆ ಪ ಒತ್ತು ಬಿದ್ದು ಹೋಯಿತು,
ತಿದ್ದಿದೆ.

‘ಹಾಗಾದರೆ ದೋಣಿ ನಿಜಕ್ಕೂ ಎಷ್ಟಿತ್ತು ಸಾರ್?’
‘ಗೊತ್ತಿಲ್ಲ.’
‘ಉಮ್ಮಾಮ ಒಂಬತ್ತು ಅನ್ನುತ್ತಾಳೆ,’ ಚೀಲ ಹೆಗಲಿಗೇರಿಸಿದಳು,
‘ಅದರಲ್ಲಿ ಒಂದು ತೂತಂತೆ.’