ಯಾವುದರಿಂದ ತೆರೆಯಲಿ

ಅಸರ್ ಬಾಂಕು ಆಗಿ ಸ್ವಲ್ಪ ಹೊತ್ತು.
ಏಸಿ ತೊಟ್ಟಿಕ್ಕುವ ಬಕೆಟ್ಟು ಅರ್ಧ ತುಂಬಿತ್ತು.
ಅಜ್ಮಾನಿನ ಖೋರಿನ ಕಡೆಯಿಂದ, ಡೀಸೆಲ್ ವಾಸನೆ ಮುಂದಿಟ್ಟುಕೊಂಡು
ಬಂದರು ಬೆಂಗ್ರೆಯ ಪುತ್ತುಬಾವಾಕ.
ಮಾತ್ರೆಯ ಹಾಗೆ ಕಾಗದದಲ್ಲಿ ಸುತ್ತಿದ ಪೆನ್‌ಡ್ರೈವ್
ಮೇಜಿನ ಮೇಲಿಟ್ಟು,
"ಬಾಯಮ್ಮ, ಇದರೊಳಗೆ ಒಂದುಂಟು. ತೆರೆದು ಕೊಡಿ."

ಟೈಪಿಂಗ್ ಸೆಂಟರಿಗೆ ಬರುವವರೆಲ್ಲ ಹೀಗೇ:
ತೆರೆದು ಕೊಡಿ, ರದ್ದು ಮಾಡಿ ಕೊಡಿ, ಹದಿನೈದು ದಿನ ಹೆಚ್ಚಿಸಿ ಕೊಡಿ.
ಹದಿನೇಳು ವರ್ಷದಿಂದ ನನ್ನ ಬೆರಳ ತುದಿಯಲ್ಲಿ
ಬೇರೆಯವರ ಹುಟ್ಟಿದ ತಾರೀಕು.

ಒಂದೇ ಫೈಲು. ಹೆಸರು: ಎಂಜಿನ್ ಒಳ್ಳೇದು.
ಬಾಲವಿಲ್ಲ.
ಚುಕ್ಕಿಯಾಚೆ ಇರಬೇಕಾದ ಮೂರಕ್ಷರ
ಅಳಿಯ ಹೆಸರು ತಿದ್ದುವಾಗ ಕತ್ತರಿಸಿದ್ದಾನೆ,
ಬಂಗುಡೆ ಸವರುವವರ ಹಾಗೆ,
ಯಾರು ತಿನ್ನುತ್ತಾರೆ ಅದನ್ನು ಎಂದು.

ಎರಡು ಸಲ ಒತ್ತಿದೆ. ಪರದೆ ಕೇಳಿತು,
ಇದನ್ನು ಯಾವುದರಿಂದ ತೆರೆಯಲಿ?
ಕೆಳಗೆ ಸಾಲಾಗಿ ಗುರುತುಗಳು,
ಬೆಳಗಿನ ಸನಾಯಾದಲ್ಲಿ ಪಿಕಪ್ಪಿಗೆ ಕಾದು ನಿಂತ ಗಂಡಸರು.
ಗಾರೆ ಗೊತ್ತಾ? ಗೊತ್ತು. ಪೈಂಟು? ಗೊತ್ತು. ಕರೆಂಟು?
ಅದೂ ಗೊತ್ತು.
ತೀರಾ ಅಡಿಯಲ್ಲಿ ಒಂದು ಖಾಲಿ ಚೌಕ:
ಯಾವಾಗಲೂ ಇದರಿಂದಲೇ.

ಮೊದಲು ನೋಟ್‌ಪ್ಯಾಡು.
ಏನು ಕೊಟ್ಟರೂ ಒಲ್ಲೆನೆನ್ನದ ಬಡಪಾಯಿ.
ಹೊತ್ತು ತಂದು ಸುರಿಯಿತು: ಕೊಕ್ಕೆ, ಕೊಂಬು,
ತಲೆಕೆಳಗಾದ ಪ್ರಶ್ನೆ, ನಡುವೆ ದಾರಿತಪ್ಪಿದ ಒಂದು ಡಾಲರು,
ಮತ್ತೆ ಚೌಕ, ಚೌಕ, ಚೌಕ.
"ಅರಬಿಯಾ?" ಮರ್ಯಾದೆಯಿಂದ ಕೇಳಿದರು.
"ಅಲ್ಲ. ಯಾರದ್ದೂ ಅಲ್ಲ."

ಚಿತ್ರ ತೋರಿಸುವವ ಒಂದು ಕ್ಷಣ ಕಪ್ಪಾಗಿ, ಆಗದೆಂದ.
ಪಿಡಿಎಫ್ ಓದುವವ ಹೇಳಿದ: ಈ ಫೈಲು ಹಾಳಾಗಿದೆ.
ಎಷ್ಟು ಸಲೀಸು.
ತನಗೆ ಬಾರದ್ದು ಹಾಳಾದದ್ದು.

ಇವರ ವೀಸಾ ಟೈಪಿಸಿದವಳು ನಾನೇ.
ಹುದ್ದೆಗಳ ಪಟ್ಟಿ ಕೆಳಗಿಳಿದಷ್ಟೂ ಇತ್ತು,
ಮಂಜಿಯ ಎಂಜಿನಿಗೆ ಕಿವಿಗೊಡುವವ ಅದರಲ್ಲಿರಲಿಲ್ಲ.
ಹೊರಗೆ ಕಾರು ಬಂದ್ ಮಾಡದೆ ಬಂದಿದ್ದ ಕಫೀಲ,
ಏನಾದರೂ ಹಾಕು ಎಂದ.
ತೋಟದ ಆಳು ಎಂದು ಹಾಕಿದೆ.
ಹನ್ನೊಂದು ವರ್ಷ ಆ ಕಾರ್ಡು ಉಜ್ಜಿದಲ್ಲೆಲ್ಲ,
ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಏರ್‌ಪೋರ್ಟಿನ ಗಾಜಿನ ಮುಂದೆ
ಇವರು ತೆರೆದುಕೊಂಡದ್ದು ತೋಟದ ಆಳಾಗಿ.
ಒಂದು ಬಸಳೆ ಬಳ್ಳಿ ಸಹ ನೆಟ್ಟವರಲ್ಲ ಇಲ್ಲಿ.

"ಬಾವಾಕ, ಒಳಗೆ ಇರುವುದು ಏನು?"
ಮೊದಲೇ ಕೇಳಬಹುದಿತ್ತು.
"ಶಬ್ದ," ಎಂದರು.

ರಸ್ತೆ ಅಗೆಯುವಲ್ಲಿ ಇಡುತ್ತಾರಲ್ಲ, ಕಿತ್ತಳೆ ಟೊಪ್ಪಿ,
ಆ ಗುರುತಿನದನ್ನು ಒತ್ತಿದೆ.
ಡುಗು ಡುಗು ಡುಗು ಡುಗು
ಮೇಜಿನ ಮೇಲಿನ ಸ್ಟಾಂಪು ಪ್ಯಾಡು ಕೂಡ ನಡುಗಿದಂತೆ ಕಂಡಿತು.
ಟೋಕನ್ ಹಿಡಿದು ತೂಕಡಿಸುತ್ತಿದ್ದವರು ತಲೆ ಎತ್ತಿದರು.
ಅವರು ಸ್ಪೀಕರಿಗೆ ಕಿವಿ ತಂದು ಕಣ್ಣು ಮುಚ್ಚಿಕೊಂಡರು.
"ಇದು ಸೌಖ್ಯವಾಗಿದ್ದಾಗಿನದ್ದು. ಕಚ್ಛಿ ಉಸ್ತಾದರು
ಊರಿಗೆ ಹೋಗುವ ಮೊದಲು ಹಿಡಿದಿಟ್ಟದ್ದು.
ಈಗ ನಾಲ್ಕನೆಯದು ಕೆಮ್ಮುತ್ತದೆ ಅಂತ ನಾನು,
ಮೂರನೆಯದು ಅಂತ ನಾಖುದಾ.
ಇನ್ನೊಮ್ಮೆ ಹಾಕಿ."

ಚೌಕಕ್ಕೆ ಗುರುತು ಹಾಕಿರಲಿಲ್ಲ ನಾನು.
ಪ್ರತಿ ಸಲವೂ ಪರದೆ ಹೊಸದಾಗಿ ಕೇಳಿತು,
ಪ್ರತಿ ಸಲವೂ ತೋರಿಸಿಕೊಟ್ಟೆ.
ಬೆರಳಿನಿಂದ ಮೇಜು ತಟ್ಟುತ್ತ ಲೆಕ್ಕ ಹಿಡಿದರು,
ಐದನೆಯ ಸಲಕ್ಕೆ ಕೈ ನಿಂತಿತು.
"ಮೂರನೆಯದೇ," ಎಂದರು, ಸೋತ ನಗೆಯಲ್ಲಿ.
"ನಾಖುದಾನಿಗೆ ಹೇಳುವುದಾದರೂ ಹೇಗೆ!"
ಕ್ಯೂನಲ್ಲಿದ್ದ ಪಠಾಣ, ತನ್ನನ್ನು ಯಾರೂ ಕೇಳದಿದ್ದರೂ,
ಗಾಡಿ ಚೆನ್ನಾಗಿದೆ ಎಂದ.

ಹೆಸರಿಗೆ ಬಾಲ ಹೊಲಿದು ಕೊಟ್ಟೆ.
ಹತ್ತು ದಿರ್ಹಮ್ ಚಾಚಿದರು, ಐದು ಸಾಕೆಂದೆ, ಕೇಳಲಿಲ್ಲ.

ಮುಂದಿನ ತಿಂಗಳು ಅವರ ಕಾರ್ಡಿನ ಅವಧಿ ಮುಗಿಯುತ್ತದೆ.
ಪಟ್ಟಿಯನ್ನು ಈ ಸಲ
ಪೂರ್ತಿ ಕೆಳಗಿನವರೆಗೂ ಇಳಿಸಿ ನೋಡಬೇಕು.