ಸೂಜಿಯ ಸದ್ದು

ಸೂಜಿ ಮುರಿಯುವ ಮುಂಚೆ ಒಂದು ಸದ್ದು ಬರುತ್ತದೆ,
ಹಲ್ಲು ಕಡಿದಂತೆ, ಸಣ್ಣಗೆ.
ಹದಿನೇಳು ವರ್ಷ ಬಳ್ಳಾರಿಯ ಕೌಲ್ ಬಜಾರಿನ
ಈ ತಗಡಿನ ಕೆಳಗೆ ಜೀನ್ಸಿನ ಕಾಲು ಕೂಡಿಸಿದ ನನಗೆ
ಎರಡು ಸಾಲು ಆಚೆಯಿಂದಲೂ ಅದು ಕೇಳುತ್ತದೆ.

ಮೊದಲೆಲ್ಲ ಕೂತಲ್ಲಿಂದಲೇ ಕೂಗುತ್ತಿದ್ದೆ:
"ಪೆಡಲ್ ಬಿಡವ್ವಾ, ಸೂಜಿ ಬದಲಿಸು."
ಗೊತ್ತಾಗದವರಿದ್ದರೆ ಎದ್ದೇ ಹೋಗುತ್ತಿದ್ದೆ.
ಪೀಸಿಗಿಷ್ಟು ಅಂತ ಕೂಲಿ;
ಎದ್ದರೆ ನನ್ನವೇ ಮೂರು ಪೀಸು ಕಡಿಮೆ.
ಆದರೂ ಏಳುತ್ತಿದ್ದೆ,
ಒಳ್ಳೆಯವಳೆಂದಲ್ಲ.
ದಾದಾವಲಿ ಮೇಸ್ತ್ರಿ ಇದ್ದರಲ್ಲ, ಅದಕ್ಕೆ.

ಹೊಗಳಿಕೆಯನ್ನು ಎಲೆಯಡಿಕೆಯ ಜೊತೆ
ದವಡೆಯಲ್ಲೇ ಒತ್ತಿಟ್ಟುಕೊಳ್ಳುವ ಮನುಷ್ಯ.
ಸಂಜೆ ಲೆಕ್ಕ ಬರೆಯುವಾಗ ಮಾತ್ರ
ನನ್ನ ಹೆಸರಿನ ಮುಂದೆ ಪೆನ್ಸಿಲ್ ಚೂರು ನಿಲ್ಲುತ್ತಿತ್ತು.
"ಯರ್ರೆಮ್ಮಾ, ಇವತ್ತು ಮೂರು ಕಮ್ಮಿ.
ಯಾರ್ಯಾರ ಮಷೀನಿಗೆ ಹೋಗಿದ್ದಿ, ಗೊತ್ತೈತಿ."

ಗೊತ್ತೈತಿ. ಅಷ್ಟೇ.
ದುಡ್ಡು ಕೂಡಿಸುತ್ತಿರಲಿಲ್ಲ.
ಆ ಒಂದು ಮಾತನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು
ಮಿಲ್ಲರ್‌ಪೇಟೆಯವರೆಗೂ ನಡೆದೇ ಹೋಗುತ್ತಿದ್ದೆ.

ಕಣ್ಣಿಗೆ ಪೊರೆ ಬಂದು ಅವರು ಮನೆ ಹಿಡಿದರು.
ವಂಶಿಕೃಷ್ಣ ಬಂದ.
ಕೆಟ್ಟವನಲ್ಲ. ಬಯ್ಯುವುದಿಲ್ಲ,
ಹಬ್ಬದ ಮುಂಗಡ ತಪ್ಪಿಸುವುದಿಲ್ಲ,
ಗಂಟೆಗೊಮ್ಮೆ ಮೊಬೈಲಿನಲ್ಲಿ ಎಣಿಸುತ್ತಾನೆ.
ಮೊದಲ ವಾರ, ಓವರ್‌ಲಾಕ್ ಹತ್ತಿರ
ಯಾರದೋ ದಾರ ಪೋಣಿಸುತ್ತ ನಿಂತಿದ್ದವಳಿಗೆ
"ಅಮ್ಮಾ, ನಿಮ್ಮ ಜಾಗ ಅದಲ್ಲ" ಅಂದ.
ಮೆತ್ತಗೇ ಅಂದ.
ಬಂದು ಕೂತೆ.
ನನ್ನ ಜಾಗ ಎಷ್ಟಗಲವೆಂದು ಆವತ್ತು ತಿಳಿಯಿತು:
ಒಂದು ಸ್ಟೂಲು, ಒಂದು ಪೆಡಲು,
ತಲೆಯ ಮೇಲೊಂದು ಟ್ಯೂಬ್‌ಲೈಟು.

ನಾಗವೇಣಿ ಬಂದು ಒಂಬತ್ತು ದಿನವಾಗಿತ್ತು.
ನನ್ನ ಹಿಂದಿನ ಸಾಲು, ಸೊಂಟಪಟ್ಟಿ ಹಚ್ಚುವ ಕೆಲಸ.
ಮಧ್ಯಾಹ್ನ ಹೋದ ಕರೆಂಟು ಬಂದು
ಎಲ್ಲ ಮಷೀನು ಒಮ್ಮೆಲೇ ಗುಂಯ್ ಅಂದಾಗ
ಆ ಗುಂಯ್ ಒಳಗೆ ಕೇಳಿತು,
ಹಲ್ಲು ಕಡಿದಂತೆ, ಸಣ್ಣಗೆ.

ಬಾಯಿ ತೆರೆದೆ.
ನನ್ನ ಜಾಗ ಅದಲ್ಲ.
ಇನ್ನೊಂದು ಕಾಲು ಕೂಡಿಸಿದೆ.
ಇನ್ನೊಂದು.

ಚೂರು ಹಾರಿ ಹುಡುಗಿಯ ಹುಬ್ಬಿಗೆ ತಾಗಿತ್ತು.
ಕಣ್ಣಿಗಲ್ಲ, ಹುಬ್ಬಿಗೆ.
ಯಾರೋ ಅರಿಶಿನ ಒತ್ತಿದರು.
"ಏನಾಗಿಲ್ಲಕ್ಕಾ" ಅಂದಳು, ನನ್ನನ್ನೇ ನೋಡಿ,
ನನ್ನ ಕಿವಿಯ ಸಂಗತಿ ಏನೂ ತಿಳಿಯದ ನಗುವಿನಲ್ಲಿ.

ಆ ದಿನ ನನ್ನ ಲೆಕ್ಕ ಎಂದಿಗಿಂತ ನಾಲ್ಕು ಹೆಚ್ಚು.
ವಂಶಿಕೃಷ್ಣ ದೂರದಿಂದಲೇ ಹೆಬ್ಬೆರಳೆತ್ತಿ ತೋರಿಸಿದ.
ರಾತ್ರಿ ರೊಟ್ಟಿ ಬಡಿಯುವಾಗ
ಪ್ರತಿ ಬಡಿತಕ್ಕೂ ಆ ಹೆಬ್ಬೆರಳು.

ಮರುದಿನ ಸದ್ದಿಗೂ ಕಾಯಲಿಲ್ಲ.
ಎದ್ದು ಹೋಗಿ ಅವಳ ಪಕ್ಕ ನಿಂತೆ.
ಹುಬ್ಬಿನ ಮೇಲೆ ಹಳದಿ ಒಣಗಿತ್ತು.
"ಅಮ್ಮಾ..." ಅನ್ನುತ್ತ ಅವನು ಬಂದ.
"ತಡಿಯಪ್ಪಾ. ಬಗ್ಗು. ಕೇಳು" ಅಂದೆ.

ಏನನ್ನಿಸಿತೋ, ಬಗ್ಗಿದ.
ನಾಗವೇಣಿ ಪೆಡಲ್ ಒತ್ತಿದಳು.
"ಏನೂ ಕೇಳ್ತಿಲ್ಲಮ್ಮಾ."
"ಇನ್ನಷ್ಟು."

ಗಂಟೆಯಾಯಿತೆಂದು
ಅವನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು.
ಅವನಿನ್ನೂ ಬಗ್ಗಿಯೇ ಇದ್ದ.